ಒಪ್ಪದ ಬೆರಳು

ಮಾರ್ಚ್ 2

ಅಕ್ಕಾ,

ಪೊಟ್ಟಣ ಬಿಚ್ಚುವ ಮೊದಲು ಈ ಕಾಗದ ಓದು. ಓದುವವಳಲ್ಲ ನೀನು, ಈಗಾಗಲೇ ಹಲ್ಲಿನಲ್ಲಿ ದಾರ ಕಡಿದು ಎಲ್ಲವನ್ನೂ ಹೊರಗೆ ಎಳೆದಿರುತ್ತೀಯ. ಇರಲಿ. ಒಳಗಿರುವುದು ನಮ್ಮ ಕಂಪನಿಯ ಹೊಸ ಫೋನು. ಅಂಗಡಿಗೆ ಬರುವ ಮೊದಲೇ ನೌಕರರಿಗೆಲ್ಲ ಒಂದೊಂದು ಕೊಟ್ಟರು, ನನ್ನದು ನಿನಗೆ. "ನನಗ್ಯಾಕೆ ಇದೆಲ್ಲ, ಆ ಹಳೇ ಗುಂಡಿ ಫೋನೇ ಸಾಕು" ಅಂತ ರಾಗ ಎಳೆಯಬೇಡ. ಆ ಗುಂಡಿ ಫೋನಿನಲ್ಲಿ ನಿನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಇದರಲ್ಲಿ ನಂಬರು ನೆನಪಿಟ್ಟುಕೊಳ್ಳುವ ಗೋಜಿಲ್ಲ. ಕೆಳಗಡೆ ಬೆರಳಚ್ಚು ಓದುವ ಗಾಜಿದೆ. ಹೆಬ್ಬೆರಳನ್ನು ಒಮ್ಮೆ ಪರಿಚಯ ಮಾಡಿಸಿದರೆ ಸಾಕು, ಆಮೇಲೆ ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ಅದು ಹತ್ತಿರ ಸೇರಿಸುವುದಿಲ್ಲ. ಅಮ್ಮನ ಬೆರಳನ್ನು ಮಾತ್ರ ಸೇರಿಸಿಬಿಡಬೇಡ. ನಿನಗೆ ಬಂದ ಮೆಸೇಜನ್ನೆಲ್ಲ ಓದಿ ಬೀದಿಗೆಲ್ಲ ಸಾರುತ್ತಾಳೆ.

ಈಗ ನಿಜವಾದ ಸುದ್ದಿ ಹೇಳುತ್ತೇನೆ, ಕೂತುಕೋ. ಈ ಫೋನಿನ ಜಾಹೀರಾತು ಎಲ್ಲ ಕಡೆ ದೊಡ್ಡ ಫಲಕಗಳ ಮೇಲೆ ಬರುತ್ತಿದೆ. ಒಂದು ಹೆಬ್ಬೆರಳಿನ ಚಿತ್ರ, ಅದರ ಕೆಳಗೆ ಒಂದೇ ಒಂದು ಸಾಲು: "ನೀವು ಒಪ್ಪಿದರೆ ಮಾತ್ರ ತೆರೆಯುತ್ತದೆ." ಆ ಸಾಲು ಬರೆದದ್ದು ನಾನು! ಇಡೀ ವಿಭಾಗ ತಲೆ ಕೆರೆದುಕೊಂಡು ಕೂತಿತ್ತು, ನನಗೆ ಥಟ್ಟನೆ ಹೊಳೆಯಿತು. ಹೊಳೆದದ್ದೂ ಅಲ್ಲ ಬಿಡು, ಕದ್ದದ್ದು. ಚಿಕ್ಕವರಿದ್ದಾಗ ನೀನು ಬಚ್ಚಲಮನೆಯ ಬಾಗಿಲು ಹಾಕಿಕೊಂಡರೆ ಈಚೆ ಬರುತ್ತಿರಲಿಲ್ಲ. ನಾನು ಹೊರಗೆ ಕಾಲು ಬದಲಿಸುತ್ತ ಬಾಗಿಲು ಬಡಿದರೆ ಒಳಗಿನಿಂದ "ನಾನು ಒಪ್ಪಿದ್ರೆ ಮಾತ್ರ ತೆಗೆಯೋದು" ಅನ್ನುತ್ತಿದ್ದೆಯಲ್ಲ, ಅದೇ ಇದು.

ಮೇ ತಿಂಗಳಲ್ಲಿ ಕಂಪನಿ ತನ್ನ ಷೇರುಗಳನ್ನು ಮಾರಾಟಕ್ಕೆ ಬಿಡುತ್ತದೆ. ಅದಕ್ಕೆ ಮುಂಚೆ ಹೂಡಿಕೆದಾರರ ಸಭೆ. ಅದರ ತಯಾರಿಗೆ ನನ್ನನ್ನೂ ಹಾಕಿಕೊಂಡಿದ್ದಾರೆ. ನಮ್ಮ ಮುಖ್ಯಸ್ಥನಿಗೆ ನಾವಿಟ್ಟಿರುವ ಹೆಸರು ನಗುಮುಖ. ರಜೆ ಕೇಳಿದರೂ ನಗುತ್ತಾನೆ, ಕೊಡಲ್ಲ ಅನ್ನುವಾಗಲೂ ನಗುತ್ತಾನೆ. ಗಿರಾಕಿಗಳನ್ನು ಕೂರಿಸಿಕೊಂಡು "ಫೋನಿನ ವಿಷಯದಲ್ಲಿ ನಿಮಗೇನು ಭಯ?" ಅಂತ ಕೇಳಿದೆವು. ಕೆಲವರು ಕಳ್ಳ ಅಂದರು, ಹೆಚ್ಚಿನವರು ನಂಬರು ಮರೆತುಹೋಗುವುದು ಅಂದರು. ಬೆರಳೊಂದಿದ್ದರೆ ಎರಡೂ ಭಯ ಇಲ್ಲ ಅಂದೆವು. ಎಲ್ಲರಿಗೂ ಖುಷಿಯೋ ಖುಷಿ.

ನಿನ್ನ
ಕಡ್ಡಿ


ಮಾರ್ಚ್ 15

ಕಡ್ಡಿ,

ಕಾಗದಕ್ಕೆ ಕಾಗದವೇ ಮರ್ಯಾದೆ, ಅದಕ್ಕೇ ಬರೆಯುತ್ತಿದ್ದೇನೆ. ದಾರವನ್ನು ನಾನು ಕತ್ತರಿಯಲ್ಲೇ ಕತ್ತರಿಸಿದೆ. ಹಲ್ಲಿನಲ್ಲಿ ಕಡಿಯಲು ಹೋಗಿ ಬೈಸಿಕೊಂಡವಳು ಅಮ್ಮ.

ಅಲ್ಲ ಕಣೇ, ಬಚ್ಚಲಮನೆಯ ಮಾತನ್ನು ಬೀದಿಯಲ್ಲಿ ತಂದು ನಿಲ್ಲಿಸಿದ್ದೀಯಲ್ಲ, ನಾಚಿಕೆ ಬೇಡವೇ ನಿನಗೆ? ನಮ್ಮ ಲಾಂಡ್ರಿಯ ಗೇಟಿನ ಎದುರಿಗೇ ಆ ಫಲಕ ಹಾಕಿದ್ದಾರೆ. ಬಸ್ಸಿಳಿದರೆ ಮೊದಲು ಕಾಣುವುದೇ ನನ್ನ ಮಾತು. "ನನ್ನ ತಂಗಿ ಬರೆದದ್ದು" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿ, ಈಗ ಜನ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾರೆ.

ಊಟದ ಹೊತ್ತಿನಲ್ಲಿ ನಿನ್ನ ಫೋನಿಗೆ ಪರೀಕ್ಷೆಯಾಯಿತು. ಮೊದಲು ಉದ್ದಕ್ಕ ಬೆರಳು ಒತ್ತಿದಳು. ಉದ್ದಕ್ಕ ಗೊತ್ತಲ್ಲ, ನನ್ನ ಜೋಡಿ, ಬೆಡ್‌ಶೀಟಿನ ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿ ಅವಳು. ಅವಳು ಅಷ್ಟೆತ್ತರ, ನಾನು ಇಷ್ಟೇ, ಹಾಗಾಗಿ ನಾವು ಮಡಿಚಿದ್ದು ಸ್ವಲ್ಪ ಓರೆಯಾಗಿಯೇ ಬರುತ್ತದೆ. ಆದರೂ ಬೇರೆಯವರ ಜೊತೆ ನನಗೆ ಮಡಿಚಲು ಬರುವುದಿಲ್ಲ. ಫೋನು ಅವಳಿಗೆ ಗುರ್ ಅಂದಿತು. ಗುಂಗುರು ಕೂದಲಿನ ಹುಡುಗಿ ಒತ್ತಿದಳು, ಗುರ್ ಅಂದಿತು. ಕ್ಯಾಂಟೀನಿನವನು ಮೊಣಕೈ ಒತ್ತಿದ. ಯಾರಿಗೂ ಜಗ್ಗಲಿಲ್ಲ. ನಾನು ಒತ್ತಿದೆ, ಟಕ್ಕನೆ ತೆರೆಯಿತು. "ಭಲೇ ಗಿಡ್ಡಿ! ಗಂಡ ಅಂದ್ರೆ ಹಿಂಗಿರ್ಬೇಕು ನೋಡು" ಅಂದಳು ಉದ್ದಕ್ಕ. ಬಿದ್ದು ಬಿದ್ದು ನಕ್ಕೆವು. ಬೆಳಿಗ್ಗೆ ಹಾಜರಿಗೆ ಬೆರಳು ಒತ್ತಿಸಿಕೊಳ್ಳುವ ಯಂತ್ರವೊಂದು ನಮ್ಮ ಬಾಗಿಲಲ್ಲೂ ಇದೆ, ಅದಕ್ಕಂತೂ ನನ್ನ ಗುರುತು ಹಿಡಿಯಲು ಮುನಿಸು. ನಿನ್ನ ಫೋನು ಎಷ್ಟೋ ವಾಸಿ.

ಗುಂಗುರು ಎಡಗೈಯಲ್ಲಿ ಒತ್ತಿದಳು, ಯಾಕೆಂದರೆ ಬಲಗೈಗೆ ಬ್ಯಾಂಡೇಜಿದೆ. ಒದ್ದೆ ಬೆಡ್‌ಶೀಟನ್ನು ಒಂದು ಕಡೆಯಿಂದ ಬಿಟ್ಟರೆ ಇನ್ನೊಂದು ಕಡೆ ಇಸ್ತ್ರಿಯಾಗಿ ಬರುವ ಬಿಸಿ ರೋಲರು ನಮ್ಮಲ್ಲಿದೆ. ಕೈ ಒಳಗೆ ಹೋಗದಿರಲಿ ಅಂತ ಅದರ ಬಾಯಿಗೊಂದು ಅಡ್ಡಪಟ್ಟಿ ಇತ್ತು. ಕೆಲಸ ನಿಧಾನವಾಗುತ್ತದೆ ಅಂತ ಸೂಪರ್‌ವೈಸರು ಅದನ್ನು ಬಿಚ್ಚಿಸಿ ಹಾಕಿದ. ಆ ಹುಡುಗಿಯ ಬೆರಳುಗಳು ಬೆಂದವು. "ನೋಡ್ಕೊಂಡು ಕೆಲ್ಸ ಮಾಡ್ಬೇಕಮ್ಮ" ಅಂದ, ಅಷ್ಟೇ.

ನಾವು ಸುಮ್ಮನಿಲ್ಲ. ನಿನ್ನ ಫೋನಿನಲ್ಲೇ ಒಂದು ಗುಂಪು ಮಾಡಿಕೊಂಡಿದ್ದೇವೆ. ಪಟ್ಟಿ ವಾಪಸು ಬರುವವರೆಗೆ ರೋಲರು ಮುಟ್ಟುವುದಿಲ್ಲ ಅಂತ ಒಬ್ಬೊಬ್ಬರೇ ಸೇರುತ್ತಿದ್ದಾರೆ. ಎಲ್ಲರೂ ಒಟ್ಟಾಗುವವರೆಗೆ ಯಾರ್ಯಾರಿದ್ದಾರೆ ಅನ್ನುವುದು ಹೊರಗೆ ಬೀಳಬಾರದು. ಮೊದಲೇ ಗೊತ್ತಾದರೆ ಒಬ್ಬೊಬ್ಬರನ್ನೇ ಹೆಕ್ಕಿ ಹೊರಗೆ ಹಾಕುತ್ತಾರೆ. ಹೆಸರೆಲ್ಲ ನನ್ನ ಫೋನಿನಲ್ಲಿ, ಫೋನು ನನ್ನ ಹೆಬ್ಬೆರಳಿನಲ್ಲಿ. ಭದ್ರವಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆಸರು ಕಡ್ಡಿ ಅಂತಿಟ್ಟದ್ದಕ್ಕೆ ಕಡ್ಡಿಯಾಗೇ ಇರಬೇಕೆಂದಿಲ್ಲ.

ಅಕ್ಕ


ಏಪ್ರಿಲ್ 9

ಕಡ್ಡಿ,

ಒಂದೇ ಪ್ರಶ್ನೆ. ನಿನ್ನ ಫೋನು ಬೆರಳು ಯಾರದ್ದು ಅಂತ ಮಾತ್ರ ನೋಡುತ್ತದೋ, ಬೆರಳಿನವಳಿಗೆ ಮನಸ್ಸಿದೆಯೋ ಇಲ್ಲವೋ ಅಂತಲೂ ನೋಡುತ್ತದೋ?

ಬೇಗ ಬರಿ. ಫೋನು ಮಾಡಬೇಡ, ಅದನ್ನು ನಾನು ಆರಿಸಿಟ್ಟಿದ್ದೇನೆ. ಹೆಬ್ಬೆರಳು ಸ್ವಲ್ಪ ಉಳುಕಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಅಮ್ಮ ಚೆನ್ನಾಗಿದ್ದಾಳೆ.

ಅಕ್ಕ


ಏಪ್ರಿಲ್ 16

ಅಕ್ಕಾ,

ನಿನ್ನ ಪ್ರಶ್ನೆ ಓದಿ ನಕ್ಕುಬಿಟ್ಟೆ. ಫೋನಿಗೆ ನಿನ್ನ ಮನಸ್ಸು ತಿಳಿಯುವುದಾದರೆ ಮೊದಲು ಅಮ್ಮನಿಗೊಂದು ಕೊಡಿಸಬೇಕಿತ್ತು! ತೆರೆಯದೆ ಸತಾಯಿಸುತ್ತಿದೆ ತಾನೇ? ನನಗೆ ಗೊತ್ತಿತ್ತು. ಲಾಂಡ್ರಿಯ ಒದ್ದೆ ಕೈ, ಸೋಪಿನ ಪುಡಿ, ಉಗಿ, ಜೊತೆಗೆ ಈಗ ಉಳುಕು ಬೇರೆ. ಗಾಜನ್ನು ಒಣ ಬಟ್ಟೆಯಲ್ಲಿ ಒರೆಸು. ಬೆರಳಿಗೆ ಸ್ವಲ್ಪ ಎಣ್ಣೆ ಹಚ್ಚಿ, ಒರೆಸಿ, ಮತ್ತೊಮ್ಮೆ ಪರಿಚಯ ಮಾಡಿಸು. ಈ ಸಲ ಇನ್ನೊಂದು ಕೈಯ ಬೆರಳನ್ನೂ ಸೇರಿಸು, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಹೂಡಿಕೆದಾರರು ಏನೇನು ಕೇಳಬಹುದು ಅಂತ ನಾವೇ ಪ್ರಶ್ನೆ ಮಾಡಿಕೊಂಡು ನಾವೇ ಉತ್ತರ ಹೇಳಿಕೊಳ್ಳುತ್ತಿದ್ದೇವೆ. ಅವರಿಗೆ ಬೇಕಾದದ್ದು ಎರಡೇ ಅಂತೆ. ಎಷ್ಟು ಬೇಗ ತೆರೆಯುತ್ತದೆ, ಎಷ್ಟು ಜನ ಕೊಳ್ಳುತ್ತಾರೆ. ಸಭೆಯಲ್ಲಿ ವೇದಿಕೆ ಹತ್ತಿ ಫೋನು ತೆರೆದು ತೋರಿಸುವವಳು ನಾನೇ! "ಸಾಲು ಬರೆದವಳ ಕೈಯಿಂದಲೇ ತೆರೆಸೋಣ" ಅಂದ ನಗುಮುಖ. ಅವತ್ತು ಹಾಕಿಕೊಳ್ಳಲು ಒಂದು ನೀಲಿ ಕೋಟು ಹೊಲಿಸಿದ್ದೇನೆ.

ಗುಂಗುರುವಿನ ಕೈ ಹೇಗಿದೆ? ಉದ್ದಕ್ಕನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಕಡ್ಡಿ


ಏಪ್ರಿಲ್ 22

ಕಡ್ಡಿ,

ನಾನು ಏತಿ ಅಂದರೆ ನೀನು ಪ್ರೇತಿ ಅನ್ನುತ್ತೀಯ. ಕೈಯೂ ಒದ್ದೆಯಿಲ್ಲ, ಗಾಜೂ ಕೊಳೆಯಾಗಿಲ್ಲ. ನಿನ್ನ ಫೋನು ತೆರೆಯಲಿಲ್ಲ ಅಂತ ನಾನು ಕಾಗದ ಬರೆದದ್ದಲ್ಲ. ತೆರೆಯಿತಲ್ಲ ಅಂತ ನನ್ನ ಹೊಟ್ಟೆ ಉರಿಯುತ್ತಿದೆ.

ನಿನಗೆ ಹೇಳಬಾರದು ಅಂದುಕೊಂಡಿದ್ದೆ. ದೊಡ್ಡ ಸಭೆಯ ಗಡಿಬಿಡಿಯಲ್ಲಿ ಹುಡುಗಿಯ ತಲೆಗೆ ಇದೊಂದು ಯಾಕೆ ಅಂತ. ಅದಕ್ಕೇ ಉಳುಕು ಅಂದೆ. ಉಳುಕಲ್ಲ ಅದು.

ಈ ತಿಂಗಳ ಮೊದಲಲ್ಲಿ ಸೂಪರ್‌ವೈಸರು ನನ್ನನ್ನು ಕೋಣೆಗೆ ಕರೆದ. "ನಿಮ್ದೊಂದು ಗುಂಪಿದೆಯಂತೆ. ಯಾರ್ಯಾರಿದೀರಿ?" ಅಂದ. "ಯಾವ ಗುಂಪು?" ಅಂದೆ. "ಫೋನ್ ತೋರ್ಸಿ" ಅಂದ. ತೋರಿಸಲ್ಲ ಅಂದೆ. ಏಪ್ರನ್ನಿನ ಜೇಬಿನಿಂದ ಕಿತ್ತುಕೊಂಡ. ಕಿತ್ತುಕೊಂಡರೇನಂತೆ, ನಾನು ಒಪ್ಪಿದರೆ ತಾನೇ ತೆರೆಯುವುದು ಅಂತ ನಾನು ಅಲ್ಲೇ ನಿಂತು ನಕ್ಕೆ ಕಡ್ಡಿ. ನಿನ್ನ ಸಾಲನ್ನು ನಂಬಿ ನಕ್ಕೆ. ಅವನು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದ. ಮುಷ್ಟಿ ಬಿಗಿದೆ. ಬೆರಳು ಬೆರಳಾಗಿ ಬಿಡಿಸಿ, ಹೆಬ್ಬೆರಳನ್ನು ತಿರುಚಿ ಗಾಜಿಗೆ ಒತ್ತಿದ. ಟಕ್ಕನೆ ತೆರೆಯಿತು. ಅವತ್ತು ಊಟದ ಹೊತ್ತಿನಲ್ಲಿ ತೆರೆದಷ್ಟೇ ಚೆನ್ನಾಗಿ ತೆರೆಯಿತು. ಅವನ ಮುಂಗೈ ಪರಚಿದೆ, ನನ್ನ ಕೈಲಾದದ್ದು ಅಷ್ಟೇ.

ಮರುದಿನ ಗುಂಪಿನಲ್ಲಿ ಹೆಚ್ಚು ಮಾತಾಡಿದ್ದ ಮೂವರನ್ನು ಕೆಲಸದಿಂದ ತೆಗೆದರು. ಉದ್ದಕ್ಕನ ತಂಗಿಯೂ ಅವರಲ್ಲಿ ಒಬ್ಬಳು. ನನ್ನನ್ನು ಮಾತ್ರ ಇಟ್ಟುಕೊಂಡರು. ಯಾಕೆ ಇಟ್ಟುಕೊಂಡರು ಅಂತ ಹೊಳೆಯಿತೇ? "ಪಾಪ, ಆಯಮ್ಮ ತಾವಾಗೇ ತೋರ್ಸಿದ್ರು" ಅಂತ ಸೂಪರ್‌ವೈಸರು ಎಲ್ಲರೆದುರು ಹೇಳಿದ. ಸುಳ್ಳು ಅಂತ ಕೂಗಿಕೊಂಡೆ. ಹಿಡಿದು ಒತ್ತಿಸಿದ ಅಂದೆ. ಉದ್ದಕ್ಕ ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆಯ ಫಲಕ ನೋಡಿದಳು. "ನಾವೆಲ್ಲ ಒತ್ತಿ ನೋಡಿದ್ವಲ್ಲ ಗಿಡ್ಡಿ, ಯಾರಿಗೂ ತೆಗೀಲಿಲ್ಲ. ನಿನ್ ತಂಗೀನೇ ಬರ್ದಿದಾಳೆ, ಒಪ್ಪಿದ್ರೆ ಮಾತ್ರ ಅಂತ. ನೀನೊಪ್ದೆ ಹೆಂಗ್ ತೆಗೀತು?" ಅಂದಳು.

ನನ್ನ ಮಾತಿಗೆ ನನ್ನದೇ ಮಾತು ಎದುರು ಸಾಕ್ಷಿ. ಅದೂ ರಸ್ತೆಯಗಲ, ದೀಪ ಹಾಕಿ.

ಅವತ್ತಿನಿಂದ ನನ್ನ ಜೊತೆ ಯಾರೂ ಬೆಡ್‌ಶೀಟು ಹಿಡಿಯುವುದಿಲ್ಲ. ಎರಡಾಳಿನ ಕೆಲಸ ಅದು. ಒಂದು ತುದಿಯನ್ನು ಮೇಜಿನ ಮೊಳೆಗೆ ಸಿಕ್ಕಿಸಿ, ಇನ್ನೊಂದು ಎಳೆದು, ಓಡಿಹೋಗಿ ಮೊಳೆಯಿಂದ ಬಿಡಿಸಿ ಮಡಿಚುತ್ತೇನೆ. ಊಟದ ಮೇಜಿನಲ್ಲಿ ನಾನು ಕೂತರೆ ಎಲ್ಲರಿಗೂ ಒಮ್ಮೆಲೇ ಊಟ ಮುಗಿಯುತ್ತದೆ. ಮನೆಯಲ್ಲಿ ಅಮ್ಮ ಒಬ್ಬಳು ನಂಬಿದ್ದಾಳೆ. "ಹಿಡಿದು ಎಳೆದ್ರೆ ಹಲ್ಲೇ ಕಿತ್ತು ಬರತ್ತೆ, ಬೆರಳು ಯಾವ ಲೆಕ್ಕ" ಅಂದಳು. ಅಮ್ಮನ ಮಾತು ಲಾಂಡ್ರಿಯಲ್ಲಿ ನಡೆಯುವುದಿಲ್ಲವಲ್ಲ.

ನಂಬರಾಗಿದ್ದರೆ ಅದು ನನ್ನ ಬಾಯೊಳಗೆ ಇರುತ್ತಿತ್ತು. ನನ್ನ ಬಾಯಿ ಬಿಡಿಸುವುದು ಅಮ್ಮನ ಕೈಲೇ ಆಗಿಲ್ಲ, ಅವನಪ್ಪನ ಕೈಲೂ ಆಗುತ್ತಿರಲಿಲ್ಲ.

ನನಗೆ ನಿನ್ನಿಂದ ಒಂದೇ ಬೇಕು. ಕಂಪನಿಯ ಕಾಗದದ ಮೇಲೆ, ಕಂಪನಿಯ ಮೊಹರು ಹಾಕಿ, ಈ ಫೋನು ಒಪ್ಪದವರ ಬೆರಳಿಗೂ ತೆರೆಯುತ್ತದೆ ಅಂತ ಬರೆಸಿ ಕಳಿಸು. ಒಂದೇ ಸಾಲು ಸಾಕು. ಸಾಲು ಬರೆಯುವುದು ನಿನಗೆ ಚೆನ್ನಾಗಿ ಬರುತ್ತದಲ್ಲ.

ಅಕ್ಕ


ಮೇ 4

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಓದಿ ಬಹಳ ಬೇಸರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕಚೇರಿಯಲ್ಲಿ ವಿಚಾರಿಸಿ ಬರೆಯಬೇಕಿತ್ತು.

ಕಂಪನಿಯ ನಿಲುವು ಏನೆಂದರೆ, ಬೆರಳಚ್ಚು ಗುರುತಿಸುವ ವ್ಯವಸ್ಥೆಯಲ್ಲಿ ಯಾವ ದೋಷವೂ ಇಲ್ಲ. ಅದು ಬೆರಳನ್ನು ಸರಿಯಾಗಿಯೇ ಗುರುತಿಸಿದೆ. ಫೋನನ್ನು ಯಾರು ಯಾವ ಸಂದರ್ಭದಲ್ಲಿ ಬಳಸಿದರು ಎನ್ನುವುದು ಕಂಪನಿಯ ಹೊಣೆಗೆ ಬರುವುದಿಲ್ಲ. ಷೇರು ಮಾರಾಟ ಮುಗಿಯುವವರೆಗೆ ಈ ಬಗ್ಗೆ ಯಾವುದೇ ಬರಹ ಕೊಡಲು ಸಾಧ್ಯವಿಲ್ಲ ಎಂದು ವಕೀಲರು ಹೇಳಿದ್ದಾರೆ. ಆಮೇಲೆ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಬೆರಳನ್ನು ತೆಗೆದುಹಾಕಿ ನಂಬರನ್ನೇ ಬಳಸುವುದು ಒಳ್ಳೆಯದು.

ನೀನು ಆ ಲಾಂಡ್ರಿಯನ್ನು ಬಿಟ್ಟುಬಿಡು ಅಕ್ಕ. ನಂಬದವರ ನಡುವೆ ಯಾಕೆ ಸಾಯುತ್ತೀಯ? ಅಮ್ಮನನ್ನೂ ಕರೆದುಕೊಂಡು ಇಲ್ಲಿಗೆ ಬಾ. ನನ್ನ ಮನೆಯಲ್ಲಿ ಜಾಗವಿದೆ. ನಿನಗಿಲ್ಲಿ ಒಳ್ಳೆಯ ಕೆಲಸವೇ ಸಿಗುತ್ತದೆ.

ಸ್ವಲ್ಪ ದಿನ ತಾಳ್ಮೆಯಿಂದಿರು.

ನಿನ್ನ ತಂಗಿ


ಮೇ 8

ನನ್ನ ತಂಗಿಯ ಕೈಬರಹದಲ್ಲಿ ಯಾರೋ ವಕೀಲರು ಕಾಗದ ಬರೆದಿದ್ದಾರೆ. ಅವರಿಗೇ ಈ ಉತ್ತರ.

ಫೋನು ಸರಿಯಾಗಿಯೇ ಗುರುತಿಸಿತು ಅಂದಿರಿ. ನಾನೂ ಅದನ್ನೇ ಬರೆದುಕೊಡಿ ಅಂದದ್ದು. ಕೊಡಲಿಲ್ಲ.

ನಾನು ಲಾಂಡ್ರಿ ಬಿಟ್ಟು ಬರುವುದಿಲ್ಲ. ಬಿಟ್ಟರೆ, ಹೆಸರು ಹೇಳಿದವಳು ಓಡಿಹೋದಳು ಅನ್ನುತ್ತಾರೆ. ನನಗೆ ಜಾಗ ಬೇಕಿಲ್ಲ, ಒಳ್ಳೆಯ ಕೆಲಸವೂ ಬೇಕಿಲ್ಲ. ಬೆಡ್‌ಶೀಟಿನ ಆ ತುದಿ ಹಿಡಿಯಲು ಉದ್ದಕ್ಕ ಬೇಕು. ಅವಳು ಹಿಡಿಯುವವರೆಗೆ ನಾನು ಮೊಳೆಗೆ ಸಿಕ್ಕಿಸಿಕೊಂಡೇ ಮಡಿಚುತ್ತೇನೆ, ಯಾರಿಗೇನು?

ಫೋನು ವಾಪಸು ಕಳಿಸುತ್ತಿದ್ದೇನೆ. ನನ್ನದೆಲ್ಲ ಅಳಿಸಿದ್ದೇನೆ. ಗುಂಡಿ ಫೋನು ಮತ್ತೆ ಹೊರಗೆ ಬಂದಿದೆ.

ನಿನಗೆ ಕಿರುಬೆರಳು ತೋರಿಸುತ್ತಿದ್ದೇನೆ ಅಂದುಕೋ. ಚಿಕ್ಕವರಿದ್ದಾಗ ತೋರಿಸುತ್ತಿದ್ದೆನಲ್ಲ, ಹಾಗೆ. ಟೂ, ಕಡ್ಡಿ.


ಮೇ 29

ಅಕ್ಕಾ,

ಟೂ ಬಿಟ್ಟವರ ಕಾಗದ ಓದಬಾರದು ಅನ್ನುವ ನಿಯಮ ಏನೂ ಇಲ್ಲ. ಓದು.

ಪೊಟ್ಟಣ ಬಂದ ದಿನ ಎರಡು ಉತ್ತರ ಬರೆದು ಹರಿದೆ. ಎರಡರಲ್ಲೂ ನಿನಗೆ ಸಮಾಧಾನ ಹೇಳಿದ್ದೆ. ನಿನಗೆ ಸಮಾಧಾನ ಹೇಳುವ ಮುಖ ನನಗೆಲ್ಲಿದೆ? ಆಮೇಲೆ ನಿನ್ನ ಕಿರುಬೆರಳೇ ತಲೆಯಲ್ಲಿ ಕೂತಿತು. ಸೀದಾ ನಗುಮುಖನ ಹತ್ತಿರ ಹೋದೆ. "ಹೆಬ್ಬೆರಳು ಒತ್ತಿದ್ರೆ ತೆರೆಯಲಿ. ಕಿರುಬೆರಳು ಒತ್ತಿದ್ರೆ ಫೋನು ಟೂ ಬಿಡಬೇಕು, ಆಮೇಲೆ ಯಾವ ಬೆರಳನ್ನೂ ಒಪ್ಪಬಾರದು, ನಂಬರು ಮಾತ್ರ ಕೇಳಬೇಕು. ಬಲವಂತ ಮಾಡೋರಿಗೆ ಯಾವ ಬೆರಳು ಯಾವುದಕ್ಕೆ ಅಂತ ಗೊತ್ತಿರಲ್ಲ" ಅಂದೆ. ಅವನು ನಕ್ಕ. "ಮಾಡೋದೇನೂ ಕಷ್ಟ ಅಲ್ಲಮ್ಮ. ಆದ್ರೆ ಯಾಕ್ ಮಾಡಿದ್ರಿ ಅಂತ ಹೂಡಿಕೆದಾರರು ಕೇಳ್ತಾರಲ್ಲ? ಬೀಗದ ಜೊತೆ ಕಳ್ಳನ ಫೋಟೋ ಇಟ್ಟು ಯಾರಾದ್ರೂ ಮಾರ್ತಾರಾ?" ಅಂದ. ಮಾಡಲು ಬರುತ್ತದೆ, ಮಾಡುವುದಿಲ್ಲ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಸಭೆ ಮೊನ್ನೆ ಆಯಿತು. ದೊಡ್ಡ ಸಭಾಂಗಣ, ತುಂಬಿದ ಕುರ್ಚಿಗಳು. ನನ್ನ ಹಿಂದೆ ಗೋಡೆಯಗಲದ ಪರದೆ, ಅದರ ಮೇಲೆ ಆ ಸಾಲು. ನನ್ನ ಕೈಯಲ್ಲಿದ್ದದ್ದು ನೀನು ವಾಪಸು ಕಳಿಸಿದ ಫೋನು. ಅದಕ್ಕೆ ನನ್ನ ಹೆಬ್ಬೆರಳನ್ನು ಪರಿಚಯ ಮಾಡಿಸಿ ತಂದಿದ್ದೆ. "ಈಗ ನೋಡಿ, ಕಣ್ಣು ಮಿಟುಕಿಸೋದ್ರೊಳಗೆ!" ಅಂದ ನಗುಮುಖ. ನಾನು ಮುಷ್ಟಿ ಬಿಗಿದೆ. ಮೈಕಿನಲ್ಲಿ "ನಾನು ಒಪ್ಪಲ್ಲ" ಅಂದೆ.

ಅಷ್ಟು ಹೇಳಿ, ನಿನ್ನ ಕಥೆಯನ್ನು ಹೇಳಿ ಇಳಿಯಬೇಕು ಅಂತಷ್ಟೇ ಇದ್ದದ್ದು. ಮುಂದೆ ಆದದ್ದು ನನ್ನ ಯೋಜನೆಯಲ್ಲ, ದೇವರಾಣೆಗೂ ಅಲ್ಲ. ನಗುಮುಖ ನನಗೆ ವೇದಿಕೆ ನಡುಕ ಬಂದಿದೆ ಅಂದುಕೊಂಡ. "ಹುಡ್ಗಿಗೆ ಸ್ವಲ್ಪ ಗಾಬರಿ" ಅಂತ ನಗುನಗುತ್ತಲೇ ಬಂದು ನನ್ನ ಮಣಿಕಟ್ಟು ಹಿಡಿದ. "ಬೇಡ ಸಾರ್, ಬಿಡಿ" ಅಂದೆ. ಮುಷ್ಟಿ ಬಿಡಿಸಿ ಹೆಬ್ಬೆರಳು ಎಳೆದು ಗಾಜಿಗೆ ಒತ್ತಿಯೇಬಿಟ್ಟ. ಅಷ್ಟು ಜನರೆದುರು, ನಗುತ್ತ! ಪರದೆಯ ಮೇಲೆ ಫೋನು ಟಕ್ಕನೆ ತೆರೆಯಿತು.

ಮೊದಲು ಏನಾಯಿತು ಗೊತ್ತೇ ಅಕ್ಕಾ? ಚಪ್ಪಾಳೆ ಬಿತ್ತು. ಮುಂದಿನ ಸಾಲಿನವನೊಬ್ಬ "ಅಬ್ಬಾ, ಎಷ್ಟು ಬೇಗ!" ಅಂದ. ಆಗ ಹಿಂದಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು ನಿಂತಳು. "ರೀ ಸ್ವಾಮಿ, ಆ ಹುಡುಗಿ ಬೇಡ ಬೇಡ ಅಂತಿದ್ಳಲ್ರೀ" ಅಂದಳು. ಚಪ್ಪಾಳೆ ಅಲ್ಲೇ ನಿಂತಿತು. ನಾನು ಹಿಂದಿನ ಪರದೆಗೆ ಕೈ ತೋರಿಸಿ, "ಆ ಸಾಲು ಬರೆದೋಳು ನಾನೇ. ಅದು ಸುಳ್ಳು. ನನ್ನಕ್ಕನ ಬೆರಳನ್ನೂ ಹೀಗೇ ಹಿಡಿದು ಒತ್ತಿದ್ರು" ಅಂದೆ. ದನಿ ನಡುಗುತ್ತಿತ್ತು, ಆದರೂ ಎಲ್ಲ ಹೇಳಿದೆ. ರೋಲರು, ಅಡ್ಡಪಟ್ಟಿ, ಗುಂಗುರು, ಮೂವರ ಕೆಲಸ ಹೋದದ್ದು, ನೀನು ಮೊಳೆಗೆ ಸಿಕ್ಕಿಸಿ ಮಡಿಚುವುದು, ಎಲ್ಲ.

ಆಮೇಲೆ ಸಂತೆ. "ಇಂಥವರನ್ನ ಯಾಕ್ರೀ ವೇದಿಕೆ ಹತ್ತಿಸ್ತೀರಿ?" ಅಂತ ಒಬ್ಬ. "ನಾನು ತೂಕಡಿಸುವಾಗ ನನ್ನ ಮಗ ಫೋನು ಹೇಗೆ ನೋಡ್ತಾನೆ ಅಂತ ಇವತ್ತು ಗೊತ್ತಾಯ್ತು" ಅಂತ ಇನ್ನೊಬ್ಬ. ಬಹಳ ಜನ ಕೇಳಿದ್ದು ಮಾತ್ರ, ಇದು ಹೊರಗೆ ಹೋದರೆ ಷೇರಿನ ಗತಿ ಏನು ಅಂತ. ಆ ಅಜ್ಜಿ ಬಾಗಿಲ ಹತ್ತಿರ ನನ್ನ ಕೈ ನೋಡಿ, "ಕೆಂಪಗಾಗಿದೆಯಲ್ಲೇ ತಾಯಿ" ಅಂದಳು. ಮಾರಾಟ ಮುಂದಕ್ಕೆ ಹೋಗಿದೆ. ನನ್ನ ಗುರುತಿನ ಚೀಟಿ ಅಲ್ಲೇ ಕಿತ್ತುಕೊಂಡರು. ಕೆಲಸ ಹೋಯಿತು, ನೀಲಿ ಕೋಟು ಉಳಿಯಿತು. ಭಯವಿದೆ, ಸುಳ್ಳು ಹೇಳುವುದಿಲ್ಲ. ಆದರೆ ತಲೆ ತಗ್ಗಿಸಿ ಬರಲಿಲ್ಲ.

ಕಂಪನಿಯ ಕಾಗದ ನನ್ನ ಕೈಲಿಲ್ಲ. ನನ್ನ ಕಾಗದ ಇದೆ. ಇದನ್ನೇ ಉದ್ದಕ್ಕನ ಕೈಗೆ ಕೊಡು. ಅವಳು ನನ್ನ ಆ ಸಾಲನ್ನು ನಂಬಿದಳಲ್ಲ, ಈ ಸಾಲುಗಳನ್ನೂ ನಂಬಲಿ.

ಕಡ್ಡಿ


ಜೂನ್ 10

ಕಡ್ಡೀ,

ಮೊದಲು ಬೈಗುಳ. ಮೈಕು ಕೈಲಿದ್ದಾಗ ದನಿ ಯಾಕೆ ನಡುಗಬೇಕು? ಬಚ್ಚಲಮನೆ ಬಾಗಿಲು ಬಡಿಯುವಾಗ ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಿದ್ದವಳು ನೀನೇ ತಾನೇ? ಅಮ್ಮನಿಗೆ ಕಾಗದ ಓದಿ ಹೇಳಿದೆ. "ಕೆಲ್ಸ ಹೋದ್ರೆ ಹೋಗ್ಲಿ ಬಿಡು, ಮಾನ ಬಂತಲ್ಲ" ಅಂದಳು. ಆಮೇಲೆ ಒಳಗೆ ಹೋಗಿ ಅತ್ತಳು. ನಾನು ಅಳಲಿಲ್ಲ ಅಂತ ಬರೆಯಬೇಕೆಂದಿದ್ದೆ. ಹೋಗಲಿ ಬಿಡು.

ನಿನ್ನ ಕಾಗದಕ್ಕಿಂತ ಮೊದಲೇ ನಿನ್ನ ಮುಷ್ಟಿ ಇಲ್ಲಿಗೆ ಬಂದಿತ್ತು. ಸಭೆಯಲ್ಲಿ ಯಾರೋ ತೆಗೆದ ವಿಡಿಯೋ ಕ್ಯಾಂಟೀನಿನವನ ಫೋನಿಗೆ ಬಂದಿತ್ತು. ಎಲ್ಲರೂ ಅವನ ಸುತ್ತ ಸೇರಿ ನೋಡಿದರು. ನಾನು ದೂರ ಕೂತಿದ್ದೆ, ಏನು ನೋಡುತ್ತಿದ್ದಾರೆಂದು ಗೊತ್ತಿರಲಿಲ್ಲ. ನಿನ್ನ "ಬೇಡ ಸಾರ್, ಬಿಡಿ" ಕೇಳಿಸಿತು. ನಿನ್ನ ದನಿ ನನಗೆ ತಿಳಿಯದೇ? ಎದ್ದು ಓಡಿದೆ. ನಿನ್ನ ಮಣಿಕಟ್ಟನ್ನು ಅವನು ಹಿಡಿದದ್ದು ನೋಡಿ ನನ್ನ ಹೆಬ್ಬೆರಳು ಮತ್ತೆ ನೋಯಿತು ಕಣೇ. ಗುಂಗುರು "ಗಿಡ್ಡಿಯಕ್ಕಂಗೂ ಹಿಂಗೇ ಮಾಡಿರ್ತಾನೆ" ಅಂದಳು. ಉದ್ದಕ್ಕ ನನ್ನ ಕಡೆ ನೋಡದೆ ಎದ್ದು ಹೋದಳು. ಮುಖದ ಮೇಲೆ ಹೊಡೆದಂತಾಯಿತು. ನಿನ್ನ ಕಾಗದ ಬಂದ ದಿನ ಅದನ್ನು ಅವಳ ಏಪ್ರನ್ನಿನ ಜೇಬಿಗೆ ತುರುಕಿ ಬಂದೆ.

ಮರುದಿನ ಬೆಳಿಗ್ಗೆ ಹಾಜರಿ ಯಂತ್ರದ ಮುಂದೆ ಸಾಲು ನಿಂತಿತ್ತು. ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ನನ್ನ ಗುರುತು ಹಿಡಿಯದ ಆ ದರಿದ್ರ ಯಂತ್ರ ಕೆಟ್ಟಿತೋ ಏನೋ ಅಂದುಕೊಂಡು ಇಣುಕಿದೆ. ಎಲ್ಲರಿಗಿಂತ ಮುಂದೆ ಉದ್ದಕ್ಕ ನಿಂತಿದ್ದಳು. ಮುಷ್ಟಿ ಬಿಗಿದಿದ್ದಳು. ಅವಳ ಹಿಂದೆ ಗುಂಗುರು, ಸುಟ್ಟ ಕೈಯನ್ನು ಆದಷ್ಟು ಮಡಿಚಿಕೊಂಡು. ಅವಳ ಹಿಂದೆ ಉಳಿದವರು. ಗುಂಪಿಗೆ ಸೇರಲು ಹೆದರಿದ್ದವರೂ ಇದ್ದರು. ಇನ್ನು ಬಚ್ಚಿಡಲು ಹೆಸರೇ ಉಳಿದಿರಲಿಲ್ಲ, ಎಲ್ಲರೂ ಬೆಳಕಿನಲ್ಲೇ ನಿಂತಿದ್ದರು.

ಸೂಪರ್‌ವೈಸರು ಓಡಿ ಬಂದ. "ಬೆರಳು ಒತ್ರಮ್ಮ, ಹೊತ್ತಾಯ್ತು" ಅಂದ. ಉದ್ದಕ್ಕ ಕತ್ತೆತ್ತಿ ಎದುರಿನ ಫಲಕ ಓದಿದಳು, ಒಂದೊಂದೇ ಅಕ್ಷರ, ಶಾಲೆಯಲ್ಲಿ ಓದುವ ಹಾಗೆ. "ನೀವು ಒಪ್ಪಿದರೆ ಮಾತ್ರ. ನಾವು ಒಪ್ಪಲ್ಲ ಸಾರ್. ರೋಲರಿಗೆ ಪಟ್ಟಿ ಹಾಕ್ಸಿ, ಮೂರು ಜನಾನ್ನ ವಾಪಸ್ ಕರೀರಿ, ಆಮೇಲ್ ಒತ್ತೀವಿ. ಇಲ್ಲಾಂದ್ರೆ ಹಿಡ್ದು ಒತ್ತಿಸ್ಕೊಳಿ, ಅಭ್ಯಾಸ ಇದ್ಯಲ್ಲ ನಿಮ್ಗೆ" ಅಂದಳು. ಅವನು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಇಷ್ಟು ಮುಷ್ಟಿ ಬಿಡಿಸಲು ಅವನಿಗಿರುವುದು ಎರಡೇ ಕೈ. ಒಂದರ ಮೇಲೆ ನಾನು ಪರಚಿದ ಗುರುತು ಇನ್ನೂ ಇದೆ.

ಮಧ್ಯಾಹ್ನದ ಹೊತ್ತಿಗೆ ಫಿಟ್ಟರು ಬಂದು ಪಟ್ಟಿ ಕೂರಿಸಿದ. ಇಬ್ಬರಿಗೆ ಸೋಮವಾರದಿಂದ ಬನ್ನಿ ಅಂದಿದ್ದಾರೆ. ಉದ್ದಕ್ಕನ ತಂಗಿಯ ವಿಷಯದಲ್ಲಿ ಇನ್ನೂ ಮೀನಮೇಷ ಎಣಿಸುತ್ತಿದ್ದಾರೆ. ಎಣಿಸಲಿ, ನಮಗೆ ಮುಷ್ಟಿ ಮಡಿಚುವುದು ಮರೆತಿಲ್ಲ.

ನೀನು ಬಂದುಬಿಡು. ಹೊಸ ಕೆಲಸ ಹುಡುಕುವವರೆಗೆ ಇಲ್ಲೇ ಇರು. ಬರುವಾಗ ಆ ನೀಲಿ ಕೋಟು ಹಾಕಿಕೊಂಡೇ ಬಾ, ಎಲ್ಲರಿಗೂ ನೋಡಬೇಕಂತೆ. ನಿನ್ನ ಕಿರುಬೆರಳಿನ ಫೋನು ಯಾರಾದರೂ ಮಾಡಿದರೆ ಮೊದಲು ನಾನೇ ಕೊಳ್ಳುತ್ತೇನೆ. ಅಲ್ಲಿಯವರೆಗೆ ಗುಂಡಿ ಫೋನು. ಟೂ ಬಿಟ್ಟದ್ದು ವಾಪಸು ತೆಗೆದುಕೊಂಡಿದ್ದೇನೆ ಅಂತ ಬಾಯಿಬಿಟ್ಟು ಬೇರೆ ಹೇಳಬೇಕೇ?

ಪಟ್ಟಿ ಕೂರಿಸಿದ ಮೇಲೆ ರೋಲರು ಮತ್ತೆ ತಿರುಗಿತು. ನಾನು ನನ್ನ ಪಾಡಿಗೆ ಬಿಸಿ ಬೆಡ್‌ಶೀಟು ಎತ್ತಿಕೊಂಡು ಒಂದು ತುದಿ ಮೊಳೆಗೆ ಸಿಕ್ಕಿಸಲು ಹೋದೆ. ಮೊಳೆ ಇರಲಿಲ್ಲ. ಯಾರೋ ಕಿತ್ತುಹಾಕಿದ್ದರು. ತಿರುಗಿ ನೋಡಿದರೆ ಉದ್ದಕ್ಕ ನಿಂತಿದ್ದಳು, ಕಣ್ಣು ಕೆಂಪಗೆ, ಮೂಗು ಒರೆಸಿಕೊಳ್ಳುತ್ತ. "ತಪ್ಪಾಯ್ತು ಕಣೇ ಗಿಡ್ಡಿ" ಅಂದಳು. ತುದಿಯನ್ನು ಅವಳ ಕಡೆ ಎಸೆದೆ. ಹಿಡಿದಳು. ಮಡಿಚಿದೆವು. ಎಂದಿನಂತೆ ಓರೆಯಾಗಿಯೇ ಬಂತು.

ನಿನ್ನ
ಅಕ್ಕ